ಪಿ.ಜೆ. ಬಡಾವಣೆಯಲ್ಲಿ ಅವ್ವನ ನಡಿಗೆ

ನಮ್ಮನ್ನು ದಾವಣಗೆರೆಯ ಹೊರಗೆ ಹೊಸದಾಗಿ ಎದ್ದಿದ್ದ ಪಿ.ಜೆ. ಬಡಾವಣೆಗೆ ಕರೆತಂದದ್ದು ಅಪ್ಪನ ಕೆಮ್ಮು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಹಳೇ ದಾವಣಗೆರೆಯ ನಮ್ಮ ಓಣಿಗೆ ಅಂಟಿಕೊಂಡೇ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಇತ್ತು. ಅಪ್ಪ ಅಲ್ಲಿ ಗುಮಾಸ್ತರು. ಹತ್ತಿಯ ಧೂಳು ಮನೆಯ ಅಟ್ಟದ ಮೇಲೂ ಅವರ ಎದೆಯೊಳಗೂ ಒಂದೇ ಸಮ ಕೂರುತ್ತಿತ್ತು. ಅಪ್ಪನ ಹುಟ್ಟೂರು ಹರಿಹರವಾದ್ದರಿಂದ ಅಲ್ಲಿನ ಡಾಕ್ಟರಿಗಲ್ಲದೆ ಬೇರೆ ಯಾರಿಗೂ ಅವರು ನಾಲಿಗೆ ತೋರಿಸುತ್ತಿರಲಿಲ್ಲ. ಆ ಡಾಕ್ಟರು, "ಗಾಳಿ ಬೆಳಕು ಇರೋ ಕಡೆ ಮನೆ ಮಾಡ್ರಿ" ಎಂದರು.

ಮಾಡಿದೆವು. ಅಗಲವಾದ ರಸ್ತೆ, ಸುತ್ತ ಬಯಲು, ಅಡಿಗೆಮನೆಯೊಳಗೇ ನಲ್ಲಿ. ಅಪ್ಪ ಸೈಕಲ್ಲಿನಲ್ಲಿ ಜಿನ್ನಿಗೆ ಹೋಗಿ, ಬರುವಾಗ ಸಂತೆ ಸಾಮಾನನ್ನೂ ತಾವೇ ತರುತ್ತಿದ್ದರು. ಓಣಿಯಲ್ಲಿದ್ದಾಗ ಅವ್ವ ಬೀದಿ ನಲ್ಲಿಗೆ, ಹಿಟ್ಟಿನ ಗಿರಣಿಗೆ, ಮಾರ್ಕೆಟ್ಟಿಗೆ, ತನ್ನ ಅಕ್ಕನ ಮನೆಗೆ ದಿನವಿಡೀ ಓಡಾಡುತ್ತಿದ್ದಳು. ಅದಕ್ಕೆ ಯಾರೂ ವ್ಯಾಯಾಮ ಎನ್ನುತ್ತಿರಲಿಲ್ಲ, ಕೆಲಸ ಎನ್ನುತ್ತಿದ್ದರು.

ವರ್ಷದೊಳಗೆ ಅಪ್ಪನ ಕೆಮ್ಮು ನಿಂತಿತು, ಅವ್ವನ ಮೊಣಕಾಲು ಹಿಡಿಯಿತು. ಪಾದ ಬಾತವು. ಅದೇ ಡಾಕ್ಟರಿಗೆ ತೋರಿಸಲು ಹೋದಾಗ, ಹರಿಹರದ ಸ್ಟೇಷನ್ನಿನಲ್ಲಿ ರೈಲು ಇಳಿಯುವಷ್ಟರಲ್ಲೇ ಅವಳು ಏದುಸಿರು ಬಿಡುತ್ತಿದ್ದಳು. ಜೊತೆಯಲ್ಲಿ ನಾನಿದ್ದೆ.

"ದಿನಾ ಎಲ್ಲೆಲ್ಲಿ ಓಡಾಡ್ತೀರವ್ವ?" ಡಾಕ್ಟರು ಕೇಳಿದರು.

"ಒಲೆಯಿಂದ ನಲ್ಲಿಗೆ, ನಲ್ಲಿಯಿಂದ ಒಲೆಗೆ."

"ನಲ್ಲಿ ಎಷ್ಟು ದೂರ ಐತೆ?"

"ಒಲೆ ಪಕ್ಕದಾಗೇ ಐತ್ರಿ."

ಡಾಕ್ಟರು ಪೆನ್ನು ಮುಚ್ಚಿದರು. "ಮಾತ್ರೆ ಬ್ಯಾಡ. ಬೆಳಿಗ್ಗೆ ಒಂದು ತಾಸು ನಡೀರಿ."

"ಎಲ್ಲಿಗ್ರಿ?"

"ಎಲ್ಲಿಗಾದ್ರೂ."

'ಎಲ್ಲಿಗಾದ್ರೂ' ಎಂಬ ಊರಿನ ದಾರಿ ಅವ್ವನಿಗೆ ತಿಳಿದಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಸೆರಗು ಹೊದ್ದು ಹೊರಟಳು. ಮೂರನೇ ಮನೆಯಾಕೆ ಗೇಟಿಗೆ ಬಂದು, "ಯಾಕ್ರೀ ಅಕ್ಕಾರೆ, ಮನ್ಯಾಗೆ ಜಗಳ ಆತೇನ್ರಿ?" ಎಂದು ಕೇಳಿದರು. ಸಂಜೆಯ ಹೊತ್ತಿಗೆ ಜಿನ್ನಿನಲ್ಲೂ ಒಬ್ಬರು ಅಪ್ಪನನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದ್ದರು.

ಮರುದಿನ ಅವ್ವ ಕೈಯಲ್ಲಿ ಖಾಲಿ ಚೀಲ ಹಿಡಿದಳು. ಚೀಲ ಹಿಡಿದ ಹೆಂಗಸನ್ನು ಯಾರೂ ಏನೂ ಕೇಳಲಿಲ್ಲ. ಹಳೇ ಊರಿನ ಮಾರ್ಕೆಟ್ಟಿನವರೆಗೂ ನಡೆದು, ಒಂದು ಕಟ್ಟು ಕೊತ್ತಂಬರಿ ಕೊಂಡು, ಅಕ್ಕನ ಮನೆಯ ಕಟ್ಟೆಯ ಮೇಲೆ ಎರಡು ಮಾತಾಡಿ ಬಂದಳು. ಹೀಗೇ ದಿನಾ. ಮೂರು ತಿಂಗಳಲ್ಲಿ ಮೊಣಕಾಲು ಸಡಿಲಾಯಿತು, ಮುಖಕ್ಕೂ ಕಳೆ ಬಂತು. ನಮ್ಮ ಮನೆಯ ಸಾರಿಗೆ, ಪಲ್ಯಕ್ಕೆ, ಉಪ್ಪಿಟ್ಟಿಗೆ ಕೊತ್ತಂಬರಿ ಮಾತ್ರ ಮಿತಿ ಮೀರಿತು.

ಅಪ್ಪ ಹೆಂಡತಿಯ ಮೇಲೆ ಅಕ್ಕರೆಯಿದ್ದ ಮನುಷ್ಯ. ಒಂದು ಕಟ್ಟು ಸೊಪ್ಪಿಗಾಗಿ ಇವಳು ಬಿಸಿಲಲ್ಲಿ ಬೆವರುವುದನ್ನು ನೋಡಲಾರದೆ, ಯಾರಿಗೂ ಹೇಳದೆ ಒಂದು ಏರ್ಪಾಡು ಮಾಡಿದರು. ಒಂದು ಬೆಳಿಗ್ಗೆ ಸೊಪ್ಪಿನ ತಳ್ಳುಗಾಡಿಯವನು ಬಾಗಿಲಿಗೇ ಬಂದು ನಿಂತ.

"ಯಜಮಾನ್ರು ಹೇಳ್ಯಾರ್ರಿ. ಇನ್ಮ್ಯಾಲೆ ನೀವು ಹೊಸಲು ದಾಟಂಗಿಲ್ಲ."

"ನಾಳಿಂದ ಬರಬ್ಯಾಡಪ್ಪ," ಎಂದಳು ಅವ್ವ.

"ಯಾಕ್ರೀ ಅವ್ವಾರೆ, ಸೊಪ್ಪು ಬಾಡೇತೇನ್ರಿ?"

"ಸೊಪ್ಪು ಚಲೋ ಐತೆ. ಬಾಡೋಳು ನಾನು."

ಅವನಿಗೆ ಅರ್ಥವಾಗಲಿಲ್ಲ. ಗಾಡಿಯನ್ನು ಪಕ್ಕದ ಮನೆಗೆ ತಳ್ಳಿದ. ಅಲ್ಲಿ ಅವನಿಗೆ ಭರ್ಜರಿ ಸ್ವಾಗತ ಸಿಕ್ಕಿತು.

ಅಪ್ಪನಿಗೆ ಬೇಜಾರಾಯಿತು. ಎರಡು ದಿನ ಮಾತು ಬಿಟ್ಟರು. ಭಾನುವಾರ, ಈ ನಡಿಗೆಯಲ್ಲಿ ಅಂಥದ್ದೇನಿದೆ ನೋಡೇಬಿಡೋಣ ಎಂದು ತಾವೂ ಜೊತೆಗೆ ಹೊರಟರು. ಮಾರ್ಕೆಟ್ಟು ಮುಟ್ಟುವಷ್ಟರಲ್ಲಿ ಕಾಲು ನೋವು ಎಂದು ಜಟಕಾ ಹತ್ತಿ ಮನೆಗೆ ಬಂದರು. ಅವ್ವ ನಡೆದೇ ಬಂದಳು.