ಸಿಪಾಯಿಗಳ ನಡುವೆ ನಿಂತ ರಾಣಿ

ಹೊನ್ನಾವರದ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಒಂದು ಸೈನ್ಯವೇ ಇದೆ. ಕೆಂಪು ಕೋಟಿನ ಇಂಗ್ಲಿಷ್ ಸಿಪಾಯಿ, ಮರಾಠಾ ಕುದುರೆ ಸವಾರ, ತೋಪಿನ ಪಕ್ಕ ಮಂಡಿಯೂರಿದ ಪೋರ್ಚುಗೀಸ, ಎಲ್ಲರೂ ಹೆಬ್ಬೆರಳಿನ ಎತ್ತರದವರು. ಮೊದಲನೆಯವನನ್ನು ಭಟ್ಕಳ ಪೇಟೆಯ ಫಾರಿನ್ ಸಾಮಾನಿನ ಅಂಗಡಿಯಲ್ಲಿ ಕೊಂಡಾಗ ನನಗಿನ್ನೂ ಮೀಸೆ ಬಂದಿರಲಿಲ್ಲ. ಈಗ ಮೀಸೆ ನರೆತಿದೆ. ಬಣ್ಣ ಬಳಿಯದ ಗೊಂಬೆಗಳು ಕೊರಿಯರ್‌ನಲ್ಲಿ ಬರುತ್ತವೆ, ನಾನು ಕುಮಟೆಯ ಬ್ಯಾಂಕಿನಿಂದ ಬಂದು ಚಾ ಕುಡಿದು ಕುಂಚ ಹಿಡಿದು ಕೂರುತ್ತೇನೆ. ಈ ವಯಸ್ಸಿನಲ್ಲಿ ಇದೆಂತ ಮರುಳು ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಇಸ್ಪೀಟು ಆಡುವವರನ್ನು ಯಾರೂ ಹಾಗೆ ಕೇಳುವುದಿಲ್ಲವಲ್ಲ.

ನನ್ನ ತಾಯಿಗೆ, ನಮ್ಮ ಆಯಿಗೆ, ಮಾತ್ರ ಈ ಸೈನ್ಯ ಕಂಡರೆ ಆಗುತ್ತಿರಲಿಲ್ಲ. ಅವಳ ತಕರಾರು ಒಂದೇ, ಧೂಳು. ಹರೆಯವೆಲ್ಲ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟು ಕೂತವಳು ಅವಳು. ಮನೆಗೆ ಬಂದು ಮಿಂದ ಮೇಲೆ ನೆಲದಲ್ಲಿ ಹೊಯ್ಗೆಯ, ಅಂದರೆ ಮರಳಿನ, ಒಂದು ಕಣ ಕಾಲಿಗೆ ತಾಗಿದರೂ ಕಸಬರಿಗೆ ಹಿಡಿಯುವಳು. ನಾನು ಬ್ಯಾಂಕಿಗೆ ಹೋದದ್ದೇ ತಡ, ಕಪಾಟು ತೆಗೆದು ಸಿಪಾಯಿಗಳನ್ನು ಸೆರಗಿನಿಂದ ಒರೆಸುವಳು. ಸಂಜೆ ನೋಡಿದರೆ ಯಾರದ್ದೋ ಬಂದೂಕಿನ ತುದಿ ಮುರಿದಿರುತ್ತಿತ್ತು. ನಾನು ಕೂಗಾಡುತ್ತಿದ್ದೆ. ಸೆರಗು ತಾಗಿ ಬಂದೂಕು ಮುರಿದುಕೊಳ್ಳುವವನು ಎಂತ ಸಿಪಾಯಿ ಎನ್ನುವುದು ಅವಳ ವಾದ.

ಇದೆಲ್ಲ ರಾಣಿ ಬರುವವರೆಗೆ. ನಮ್ಮ ಶರಾವತಿಯ ಮೇಲ್ಗಡೆ ಗೇರುಸೊಪ್ಪೆಯಲ್ಲಿ ಆಳಿದ, ಪೋರ್ಚುಗೀಸರಿಗೆ ಕಾಳುಮೆಣಸು ಮಾರಿದ ರಾಣಿಯ ಗೊಂಬೆ ಎಲ್ಲಿ ಹುಡುಕಿದರೂ ನನಗೆ ಸಿಗಲಿಲ್ಲ. ಕಡೆಗೆ ಯುರೋಪಿನ ಯಾವುದೋ ದೊರೆಸಾನಿಯ ಸೀಸದ ಗೊಂಬೆ ತರಿಸಿ, ಅವಳ ಗೌನು ಕೆರೆದು ತೆಗೆದು, ಜೇಡಿಯಂಥ ಪುಟ್ಟಿ ಮೆತ್ತಿ ಸೀರೆ ಉಡಿಸತೊಡಗಿದೆ. ಆಯಿ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಬಂದು ಕೂತಳು. ಯಾರಿವಳು ಎಂದಳು, ಹೇಳಿದೆ. ಮೆಣಸಿನ ವ್ಯಾಪಾರದ ಮಾತು ಬಂದದ್ದೇ ಅವಳ ಮುಖ ಅರಳಿತು. ವ್ಯಾಪಾರ ಮಾಡುವ ಹೆಂಗಸು ಸೆರಗು ಇಳಿಬಿಟ್ಟುಕೊಂಡು ನಿಲ್ಲುತ್ತಾಳಾ, ಸೊಂಟಕ್ಕೆ ಸಿಕ್ಕಿಸು ಎಂದಳು. ಸಿಕ್ಕಿಸಿದೆ. ಸೀರೆಗೆ ಹಸಿರು ಬಣ್ಣ ಹೇಳಿದವಳೂ ಅವಳೇ. ಮುಗಿಸಿ ನೋಡಿದರೆ ರಾಣಿ ಥೇಟ್ ಮೀನುಪೇಟೆಯಲ್ಲಿ ಚೌಕಾಶಿಗೆ ನಿಂತ ಆಯಿ! ಹೇಳಿದರೆ ಉಬ್ಬಿಹೋಗುತ್ತಾಳೆ ಎಂದು ಸುಮ್ಮನಿದ್ದೆ. ಅಂದಿನಿಂದ ಆಯಿ ಕಪಾಟಿನ ಮುಂದೆ ನಿಂತು ರಾಣಿಗೆ ಆವತ್ತಿನ ಬಂಗಡೆಯ ರೇಟು ಹೇಳುವುದು ಶುರುವಾಯಿತು.

ಚೌತಿ ಬಂತು. ಇವಳೊಬ್ಬಳನ್ನು ಗಣಪತಿಯ ಮಂಟಪದಲ್ಲಿ ಇಡು ಎಂದು ಆಯಿ ದುಂಬಾಲು ಬಿದ್ದಳು. ಚಂದಕ್ಕೆ ತಾನೇ ಎಂದು ಇಟ್ಟೆ. ಪೂಜೆಯ ಹೊತ್ತಿಗೆ ಗಣಪತಿಗೆ, ಕಲಶಕ್ಕೆ, ದೀಪಕ್ಕೆ ಕುಂಕುಮ ಹಚ್ಚುತ್ತ ಬಂದ ಅವಳ ಕೈ ಅಭ್ಯಾಸಬಲದಿಂದ ರಾಣಿಯ ಹಣೆಗೂ ಒಂದು ಬೊಟ್ಟು ಇಟ್ಟು, ಅಕ್ಷತೆ ಹಾಕಿ, ಆರತಿಯನ್ನೂ ಎತ್ತಿಬಿಟ್ಟಿತು.

ಮೊದಲು ಗಮನಿಸಿದ್ದು ನನ್ನ ಹೆಂಡತಿ. ಮಂಟಪದಲ್ಲಿ ಪೂಜೆ ಪಡೆದ ಗೊಂಬೆ ನಮ್ಮ ಮನೆಯಲ್ಲಿ ದೇವರೇ ಆಯಿತು, ಗಣಪತಿಯ ಸಂಗಡ ಅದೂ ನೀರಿಗೆ ಹೋಗಬೇಕು ಎಂದಳು. ಹತ್ತಿ ಒದ್ದೆ ಮಾಡಿ ಕುಂಕುಮ ಒರೆಸಿದರೆ ಆತು ಎಂದು ನಾನು ರೇಗಿದೆ. ಆಯಿ ಪಂಚಕಜ್ಜಾಯವನ್ನೂ ಬಾಯಿಗೆ ಹಾಕದೆ ಮಂಟಪದ ಮುಂದೆ ಕೂತೇ ಇದ್ದಳು. ಇಟ್ಟುಕೊಂಡರೆ ವರ್ಷವಿಡೀ ಹೆದರಿಕೆ, ಬಿಟ್ಟರೆ ಸಂಕಟ. ಮೀನುಪೇಟೆಯಲ್ಲಿ ಯಾರಿಗೂ ಬಗ್ಗದವಳು ಹಾಗೆ ಕೂತದ್ದನ್ನು ನೋಡಲಾಗದೆ ನನ್ನ ಸಿಟ್ಟು ಇಳಿಯಿತು. ಹೋಗಲಿ, ನೀರಿಗೆ ಬಿಡುವ ಎಂದೆ.

ಮರುದಿನ ಸಂಜೆ ಶರಾವತಿಯಲ್ಲಿ ಗಣಪತಿಯನ್ನು ಬಿಟ್ಟೆವು. ಪಟಾಕಿ ಮುಗಿಯಿತು, ನೆರೆಯವರು ಮನೆಗೆ ತಿರುಗಿದರು. ಆಯಿ ಮಾತ್ರ ಮೊಣಕಾಲುದ್ದದ ನೀರಿನಲ್ಲಿ ರಾಣಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

"ಗಣಪತಿ ಬರೂ ವರ್ಷ ಬತ್ತಾನೆ," ಎಂದಳು. "ಇವಳು ಬತ್ತಾಳ ತಮಾ?"

"ಬತ್ತಾಳೆ ಆಯಿ. ನಾನೇ ಕರ್ಕಂಡ್ ಬತ್ತೆ."

ಅವಳು ಮುಷ್ಟಿ ಬಿಚ್ಚಿದಳು. ಸೀಸದ ಗೊಂಬೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಳುಗಿತು. ಸುಳ್ಳು ಯಾಕೆ ಹೇಳಲಿ, ನನಗೂ ಕಣ್ಣೀರು ಬಂತು.

ಗಣಪತಿಯನ್ನು ಬಿಟ್ಟ ಜಾಗದಿಂದ ಒಂದು ಹಿಡಿ ಹೊಯ್ಗೆಯನ್ನು ಮಣೆಯ ಮೇಲೆ ತಂದು, ಅವನು ಕೂತಿದ್ದಲ್ಲಿ ಇಡುವುದು ನಮ್ಮ ಪದ್ಧತಿ. ಹಾಗೆ ಇಟ್ಟರೆ ಮುಂದಿನ ವರ್ಷ ಅವನು ತಪ್ಪದೆ ಬರುತ್ತಾನೆ ಎಂದು ಆಯಿಯ ನಂಬಿಕೆ. ಆವತ್ತೂ ಇಟ್ಟಳು. ನಾನು ಕಾಲು ತೊಳೆದು ಒಳಗೆ ಬಂದರೆ ಕಪಾಟಿನ ಬಾಗಿಲು ತೆರೆದಿತ್ತು. ಮರಾಠಾ ಸವಾರನಿಗೂ ಪೋರ್ಚುಗೀಸನಿಗೂ ನಡುವೆ, ರಾಣಿ ನಿಲ್ಲುತ್ತಿದ್ದ ಜಾಗದಲ್ಲಿ, ಆಯಿ ಒಂದು ಚಿಟಿಕೆ ಒದ್ದೆ ಹೊಯ್ಗೆ ಇಡುತ್ತಿದ್ದಳು.

"ಇದನ್ನ ಯಾರೂ ಒರೆಸೂದು ಬ್ಯಾಡ," ಎಂದಳು.