ಲ್ಯಾಮಿನೇಷನ್‌ಗೆ ಹೋಗಿದ್ದ ಹಸು

ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು ಸರ್ಜಾಪುರದಲ್ಲಿ ಬಸ್ ಹತ್ತಿದೆ. ಹೋಗಬೇಕಾಗಿದ್ದದ್ದು ಬೆಂಗಳೂರಿನ ಇನ್ನೊಂದು ತುದಿಯ ಬಾಗಲಗುಂಟೆಗೆ. ಅಲ್ಲಿ ನನ್ನ ಮುನ್ನೂರು ವರ್ಷ ಹಳೆಯ ಚಿತ್ರವೊಂದಕ್ಕೆ ಪ್ಲಾಸ್ಟಿಕ್ ಅಂಟಿಸುವವರಿದ್ದರು.

ಚಿತ್ರ ಅಂಗೈಯಷ್ಟು. ಹಾಲೆಂಡಿನ ಯಾರೋ ಕಲಾವಿದ ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಅದ್ದಿ, ಗೀರುಗಳಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತಿದ್ದು. ಹೆಂಗಸೊಬ್ಬಳು ಹಸು ಕರೆಯುತ್ತಿದ್ದಾಳೆ. ಆಕಾಶದಲ್ಲಿ ಒಂದೇ ಒಂದು ಹಕ್ಕಿ. ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು ಕೂಡಿಸಿಟ್ಟ ಹಳೆಯ ಅಚ್ಚುಗಳಲ್ಲಿ ಇದರ ಮೇಲೇ ನನಗೆ ಜೀವ.

ಭಾನುವಾರ ಬಾಗಲಗುಂಟೆಯಿಂದ ಮನೆಗೆ ಬಂದಿದ್ದ ಗೆಳೆಯ ಶಿವಣ್ಣ ಹಸುವನ್ನು ನೋಡಿ ಮನಸೋತು, ಹೆಂಡತಿಗೆ ತೋರಿಸುತ್ತೇನೆಂದು ಒಯ್ದಿದ್ದ. ಬೆಳಿಗ್ಗೆ ಅವನದೇ ಫೋನ್. "ಇಂಗೇ ಬಿಟ್ರೆ ಹುಳ ತಿಂತದೆ ಕಣೋ. ಈಗ್ತಾನೆ ನಮ್ ಬೀದಿ ಪಟದಂಗ್ಡೀಲಿ ಲ್ಯಾಮಿನೇಷನ್‌ಗೆ ಕೊಟ್ಟೆ, ಮಧ್ಯಾಹ್ನಕ್ಕೆ ರೆಡಿ!" ಅಂಗಡಿಯ ನಂಬರ್ ಅವನಲ್ಲಿರಲಿಲ್ಲ, ಅವನಾಗಲೇ ತುಮಕೂರಿನ ಮದುವೆಗೆ ಹೊರಟಿದ್ದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಬಿಸಿ ರೋಲರಿನಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಆ ಕಾಗದದಿಂದ ಬಿಡಿಸಲು ಬ್ರಹ್ಮನಿಂದಲೂ ಆಗುವುದಿಲ್ಲ.

ಬಸ್ಸು ದೊಮ್ಮಸಂದ್ರದಲ್ಲಿ ನಿಂತಿತು, ಕೊಡತಿಯಲ್ಲಿ ನಿಂತಿತು, ಅಗರದ ಹತ್ತಿರ ಮಲಗಿಯೇಬಿಟ್ಟಿತು. ಇನ್ನೆಷ್ಟು ಹೊತ್ತು ಎಂದು ಮೂರನೇ ಸಲ ಕೇಳಿದಾಗ ಕಂಡಕ್ಟರ್, "ನೀವು ಕೇಳಿದ್ರೆ ಸಿಗ್ನಲ್ ಬಿಡುತ್ತಾ ಸಾರ್?" ಅಂದ. ಮೆಜೆಸ್ಟಿಕ್ ಮುಟ್ಟಿದಾಗ ಹತ್ತೂಮುಕ್ಕಾಲು. ಅರವತ್ತು ರೂಪಾಯಿ ಕೊಟ್ಟು ನಾಗಸಂದ್ರದ ಮೆಟ್ರೋ ಹತ್ತಿದೆ. ಸೀಟಿದ್ದರೂ ಬಾಗಿಲ ಹತ್ತಿರವೇ ನಿಂತಿದ್ದೆ, ನಿಂತರೆ ರೈಲು ಬೇಗ ಹೋಗುತ್ತದೆ ಎಂಬಂತೆ. ಪೀಣ್ಯದ ಶೀಟಿನ ಛಾವಣಿಗಳ ಮೇಲೆ ಜಿಟಿಜಿಟಿ ಮಳೆ ಹಿಡಿದಿತ್ತು.

ದಾಸರಹಳ್ಳಿಯಲ್ಲಿ ಇಳಿದು ಆಟೋದಲ್ಲಿ ಹೋದೆ. ದೇವರ ಪಟಗಳನ್ನು ನೇತುಹಾಕಿದ್ದ ಅಂಗಡಿಯ ಒಳಗೆ ಮೆಷಿನ್ ಬಿಸಿಯಾಗಿತ್ತು. ಅದರ ಮುಂದೆ ಒಬ್ಬ ಹೆಂಗಸು ಯಾರದೋ ಮಾರ್ಕ್ಸ್ ಕಾರ್ಡನ್ನು ಒಳಗೆ ತಳ್ಳುತ್ತಿದ್ದಳು. "ಹಸುವಿನ ಪಟ..." ಎಂದೆ.

ಅವಳು ಡ್ರಾಯರಿನಿಂದ ಮದುವೆ ಕಾರ್ಡಿನ ಲಕೋಟೆಯೊಂದನ್ನು ತೆಗೆದಳು. ಒಳಗೆ ನನ್ನ ಚಿತ್ರ ಹೋದ ಹಾಗೇ ಇತ್ತು. ನನಗೆ ಅಳುವೇ ಬಂತು, ನಾಚಿಕೆಪಡದೆ ಅತ್ತೆ.

"ಕೂಡ್ರಿ ಸರ, ಏನೂ ಆಗಿಲ್ಲ," ಎಂದು ಸ್ಟೂಲು ಸರಿಸಿದಳು. ಹೆಸರು ಮಹಾದೇವಿ, ಬಾಗಲಕೋಟೆ ಕಡೆಯವಳು. ಆರು ವರ್ಷ ಪೀಣ್ಯದಲ್ಲಿ ಮೆಷಿನ್ನುಗಳ ಹಿತ್ತಾಳೆ ನೇಮ್‌ಪ್ಲೇಟ್‌ಗಳನ್ನು ಆಸಿಡ್‌ನಲ್ಲಿ ಕೊರೆಯುವ ಕೆಲಸ ಮಾಡಿದ್ದಳಂತೆ. "ಕಾಗದ ಸರಿ ಮಾಡಾಕ ಹೆಬ್ಬಟ್ಟು ಆಡಿಸಿದೆ. ಸುತ್ತಲೂ ಬೆರಳಿಗೆ ತಗ್ಗು ಹತ್ತಿತು. ಇದು ತಗಡು ಒತ್ತಿದ ಗುರ್ತು ಐತಿ, ಪ್ರಿಂಟರಿಂದ ಬಂದದ್ದಲ್ಲ ಅನಿಸ್ತು. ಪಟ ಕೊಟ್ಟವರನ್ನ ಇನ್ನೊಮ್ಮೆ ಕೇಳದ, ಮೆಷಿನ್ನಿಗೆ ಹಾಕಾಕ ಕೈ ಬರಲಿಲ್ಲ."

ಅವಳು ತರಿಸಿದ ಚಹಾ ಕುಡಿದು ನನ್ನ ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿದಳು. ಹಕ್ಕಿಯನ್ನು ನೋಡು ಎಂದೆ.

"ಇದು ಹಕ್ಕಿ ಅಲ್ರೀ ಸರ. ಇಲ್ಲಿ ಮ್ಯಾಣ ಬಿಟ್ಟೈತಿ, ಆಸಿಡ್ ಒಳಗ ಹೊಕ್ಕು ತಿಂದೈತಿ. ನಮ್ಮ ತಗಡಿನ ಮ್ಯಾಲೂ ಹಿಂಗ ಬೀಳ್ತಿದ್ವು. ಸೂಪರ್ವೈಸರ್ ಒಂದ ಚುಕ್ಕಿ ಕಂಡ್ರೂ ರಿಜೆಕ್ಟ್ ಮಾಡಿ ಗುಜರಿಗೆ ಒಗೀತಿದ್ದ."

ಭೂತಗನ್ನಡಿ ಇಸಿದುಕೊಂಡು ನೋಡಿದೆ. ರೆಕ್ಕೆಯಿಲ್ಲ, ಕೊಕ್ಕಿಲ್ಲ. ಹನ್ನೊಂದು ವರ್ಷದಿಂದ ಬಂದವರಿಗೆಲ್ಲ ಆ ಒಂಟಿ ಹಕ್ಕಿಯ ಬಗ್ಗೆ ಭಾಷಣ ಬಿಗಿದಿದ್ದೆ! ಇಬ್ಬರೂ ನಕ್ಕೆವು. ಶಿವಣ್ಣನಿಗಾಗಿ ಒಂದು ಜೆರಾಕ್ಸ್ ತೆಗೆಸಿ, ಅದನ್ನು ಹೊಳೆಹೊಳೆಯುವಂತೆ ಲ್ಯಾಮಿನೇಷನ್ ಮಾಡಿಸಿ ಅಲ್ಲೇ ಬಿಟ್ಟು ಬಂದೆ.

ವಾಪಸ್ ಬರುವಾಗ ಮೆಟ್ರೋದಲ್ಲಿ ಕೂತೆ. ಮಳೆ ನಿಂತಿತ್ತು, ಹೊಟ್ಟೆ ಹಸಿಯತೊಡಗಿತ್ತು. ಪೀಣ್ಯದ ಛಾವಣಿಗಳು ಹಿಂದೆ ಸರಿಯುವಾಗ ಲಕೋಟೆ ತೆರೆದು ಆ ಚುಕ್ಕಿಯನ್ನು ಇನ್ನೊಮ್ಮೆ ನೋಡಿದೆ. ಪುಣ್ಯಕ್ಕೆ ಆ ಹಾಲೆಂಡಿನವನಿಗೆ ಸೂಪರ್ವೈಸರ್ ಇರಲಿಲ್ಲ.