ಎರಡು ಹಲ್ಲು ಕಡಿಮೆ

ಭವ್ಯಶ್ರೀ ನಮ್ಮ ಮನೆಗೆ ತಾಗಿಕೊಂಡಿರುವ ಎರಡು ಕೋಣೆಗೆ ಬಾಡಿಗೆಗೆ ಬಂದು ನಾಲ್ಕು ವರ್ಷವಾಯಿತು. ಸಾಮಾನೆಲ್ಲ ಗೂಡ್ಸ್ ಆಟೋದಲ್ಲಿ ಬಂತು. ಅದರ ಹಿಂದೆಯೇ ಒಂದು ಕಪ್ಪು ಬೈಕು ಬಂದು ಅಂಗಳದಲ್ಲಿ ನಿಂತಿತು. ಹೆಲ್ಮೆಟ್ ತೆಗೆಯುವವರೆಗೂ ಓಡಿಸಿಕೊಂಡು ಬಂದದ್ದು ಹುಡುಗಿ ಅಂತ ನನಗೆ ತಿಳಿಯಲಿಲ್ಲ.

"ಯಾರದ್ದಮ್ಮ ಬೈಕು?" ಅಂತ ಕೇಳಿದೆ.

"ಅಪ್ಪಾಜಿದು ಆಂಟಿ. ಕೆಲಸ ಸಿಕ್ತಲ್ಲ, ಅದಕ್ಕೆ ಕೊಟ್ರು."

ಅವಳದು ಶಿರಂಗಾಲ. ಅಪ್ಪ ನಂಜಪ್ಪನವರು ಜೋಳ, ಶುಂಠಿ ಬೆಳೆಯುವ ರೈತರು. ಹಾಸನದಲ್ಲಿ ಪಶುಪಾಲನೆಯ ಡಿಪ್ಲೊಮಾ ಓದಿ, ಪಶು ವೈದ್ಯಕೀಯ ಪರೀಕ್ಷಕಿಯಾಗಿ ಚೆಟ್ಟಳ್ಳಿ ಕಡೆಗೆ ಬಂದಿದ್ದಳು. ದನಕ್ಕೆ ಲಸಿಕೆ ಹಾಕುವುದು, ಗಾಯಕ್ಕೆ ಮದ್ದು ಕಟ್ಟುವುದು, ಎಲ್ಲಕ್ಕಿಂತ ಹೆಚ್ಚಾಗಿ ಬೆದೆಗೆ ಬಂದ ಹಸುಗಳಿಗೆ ಗಬ್ಬದ ಇಂಜೆಕ್ಷನ್ ಕೊಡುವುದು ಅವಳ ಕೆಲಸ. ಹೋರಿಯ ವೀರ್ಯ ತುಂಬಿದ ಆ ಇಂಜೆಕ್ಷನ್ನಿನ ಕಡ್ಡಿಗಳನ್ನು ಕೆಡದಂತೆ ಕೊರೆಯುವಷ್ಟು ತಣ್ಣಗೆ ಇಡುವ ನೈಟ್ರೋಜನ್ ಕ್ಯಾನೊಂದು ಯಾವಾಗಲೂ ಬೈಕಿನ ಹಿಂದೆ ಕಟ್ಟಿರುತ್ತಿತ್ತು. ಅದನ್ನು ಅಡ್ಡ ಮಲಗಿಸುವ ಹಾಗಿಲ್ಲ, ಬೀಳಿಸುವ ಹಾಗಂತೂ ಇಲ್ಲವೇ ಇಲ್ಲ.

ಹಸು ಬೆಳಿಗ್ಗೆ ಬೆದೆಗೆ ಬಂದರೆ ಸಂಜೆಯೊಳಗೆ ಹೋಗಬೇಕು. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಶಿರಂಗಾಲದ ಸಮತಟ್ಟು ರಸ್ತೆಯಲ್ಲಿ ಇದೇನೂ ಕಷ್ಟವಲ್ಲ. ನಮ್ಮ ಕಡೆ ಹಾಗಲ್ಲ. ಡಾಂಬರು ರಸ್ತೆ ಬಿಟ್ಟು ತೋಟದೊಳಗೆ ತಿರುಗಿದರೆ ಕಲ್ಲು, ಏರು, ತಿರುವು. ಅವಳ ಬೈಕು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಎರಡನೇ ಗೇರಿನಲ್ಲಿ ಹೋಗದು, ಒಂದನೇ ಗೇರಿಗೆ ಇಳಿಸಿದರೂ ತಿರುವಿನಲ್ಲಿ ಗಕ್ಕನೆ ಆಫ್ ಆಗುವುದು. ಆಫ್ ಆಗಬಾರದೆಂದು ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ ಹತ್ತಿಸುತ್ತಿದ್ದಳು. ಒಂದೂವರೆ ವರ್ಷದಲ್ಲಿ ಎರಡು ಸಲ ಕ್ಲಚ್ ಪ್ಲೇಟು ಸುಟ್ಟುಹೋಯಿತು.

ಪ್ಲೇಟು ಬದಲಿಸಿದ ಮೆಕ್ಯಾನಿಕ್ಕುಗಳು ಎರಡು ಸಲವೂ ಒಂದೇ ಮಾತು ಹೇಳಿ ಕಳಿಸಿದರು. ಹೆಂಗಸರು ಕ್ಲಚ್ ಹಿಡಿದೇ ಓಡಿಸುವುದು, ಅದಕ್ಕೇ ಹೀಗೆ. ನಾನೂ ಸುಮ್ಮನಿರಲಿಲ್ಲ. "ಒಂದು ಸ್ಕೂಟಿ ತಗೊಳ್ಳಬಾರದ ಭವ್ಯ?" ಅಂದುಬಿಟ್ಟೆ. ಸ್ಕೂಟಿಯ ಸಣ್ಣ ಚಕ್ರ ಆ ಕಲ್ಲು ರಸ್ತೆಗೆ ಆಗುವುದಿಲ್ಲ ಅಂತ ಅವಳು ಹೇಳಬಹುದಿತ್ತು. ಹೇಳಲಿಲ್ಲ. "ನಂಗೇ ಸರಿಯಾಗಿ ಓಡಿಸಕ್ಕೆ ಬರಲ್ಲ ಅನ್ಸತ್ತೆ ಆಂಟಿ" ಅಂದು ಒಳಗೆ ಹೋದಳು.

ಅವಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ದೊಡ್ಡಿಯ ಮನೆಯ ದಾರಿ. ದೊಡ್ಡಿ ಅರವತ್ತರ ಹತ್ತಿರದ ಹೆಂಗಸು. ವರ್ಷಗಟ್ಟಲೆ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೀಳುವ ಪಿಕಿಂಗ್ ಕೆಲಸ ಮಾಡಿದವಳು. ಈಗ ಕೂಲಿಯವರ ಲೈನ್‌ಮನೆಗಳನ್ನು ದಾಟಿ ಮೇಲೆ ಹೋದರೆ ಸಿಗುವ, ದನ ಮೇಯುವ ಬಾಣೆಯ ಅಂಚಿನಲ್ಲಿ ಒಂದು ಹಸು ಕಟ್ಟಿಕೊಂಡು ಒಬ್ಬಳೇ ಇದ್ದಾಳೆ. ಅಲ್ಲಿಗೆ ಎರಡು ಕಿಲೋಮೀಟರ್ ಏರು, ಮೂರು ತಿರುವು. ಆ ಹಸು ಬೆದೆಗೆ ಬಂತೆಂದು ಫೋನ್ ಬಂದ ಒಂದು ದಿನ, ಮೂರನೇ ತಿರುವಿನಲ್ಲಿ ಬೈಕು ಆಫ್ ಆಗಿ ಹಿಂದಕ್ಕೆ ಜಾರಿತು. ಭವ್ಯ ಕ್ಯಾನನ್ನು ಅಪ್ಪಿಕೊಂಡೇ ಬಿದ್ದಳು. ಕ್ಯಾನು ಉಳಿಯಿತು, ಮೊಣಕಾಲಿನ ಚರ್ಮ ಕಿತ್ತುಹೋಯಿತು. ಅಂದಿನಿಂದ ಬೈಕನ್ನು ಕೆಳಗೇ ನಿಲ್ಲಿಸಿ ಕ್ಯಾನ್ ಹೊತ್ತು ನಡೆಯತೊಡಗಿದಳು. ಬೇರೆ ಊರುಗಳ ಕೆಲಸ ಮುಗಿಸಿ ಅಷ್ಟು ದೂರ ನಡೆದು ಹೋಗುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಎರಡು ಸಲ ಇಂಜೆಕ್ಷನ್ ಕೊಟ್ಟರೂ ಹಸು ಗಬ್ಬ ನಿಲ್ಲಲಿಲ್ಲ.

ದೊಡ್ಡಿ ಒಂದು ದಿನವೂ ಬೇಸರದ ಮಾತಾಡಲಿಲ್ಲ. "ನೀ ಏನು ಮಾಡ್ತಿ ಡಾಕ್ಟ್ರವ್ವ, ದಾರಿ ಹಂಗದೆ" ಅನ್ನುತ್ತಿದ್ದಳಂತೆ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಅಂತ ಭವ್ಯ ನನ್ನ ಹತ್ತಿರ ಹೇಳಿದಳು. ಅದೇ ವಾರ ಶಿರಂಗಾಲದ ಕಡೆಗೆ ವರ್ಗ ಕೇಳಿ ಒಂದು ಅರ್ಜಿ ಬರೆದಿಟ್ಟುಕೊಂಡಳು.

ಅರ್ಜಿ ಕೊಡುವ ಮೊದಲು ಅಮ್ಮತ್ತಿಯ ಕಡೆ ಕಾಲುಬಾಯಿ ರೋಗದ ಲಸಿಕೆಯ ಕೆಲಸ ಬಿತ್ತು. ಮೂರನೆಯ ದಿನ ಮಧ್ಯಾಹ್ನ, ಅಮ್ಮತ್ತಿ ಪೇಟೆ ಇನ್ನು ಅರ್ಧ ಕಿಲೋಮೀಟರ್ ಇರುವಾಗ, ಸುಟ್ಟ ವಾಸನೆ ಬಂದು ಬೈಕು ನಿಂತಿತು. ಮೂರನೇ ಕ್ಲಚ್ ಪ್ಲೇಟು. ತಳ್ಳಿಕೊಂಡು ಹೋದಾಗ ಸಿಕ್ಕಿದ ಮೊದಲ ಗ್ಯಾರೇಜು ಗಂಗಣ್ಣನದು.

ಗಂಗಣ್ಣನಿಗೆ ಐವತ್ತೈದು ದಾಟಿರಬಹುದು. ಹಿಂದೆ ಎಸ್ಟೇಟಿನ ಜೀಪುಗಳನ್ನು ರಿಪೇರಿ ಮಾಡುತ್ತಿದ್ದವನು. ಮಾತು ಕಡಿಮೆ. ಭವ್ಯ ಅವನಿಗಿಂತ ಮೊದಲು ತಾನೇ ಹೇಳಿಬಿಟ್ಟಳು: "ನಾನು ಕ್ಲಚ್ ಜಾಸ್ತಿ ಹಿಡೀತೀನಿ, ಅದಕ್ಕೇ ಸುಡ್ತಾ ಇರೋದು."

ಗಂಗಣ್ಣ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ದಿನಾ ಎಲ್ಲೆಲ್ಲಿ ಓಡ್ಸೋದು?" ಅಂತ ಕೇಳಿದ. ಹೇಳಿದಳು. "ಭಾರ ಎಷ್ಟಿರ್ತದೆ?" ಕ್ಯಾನು, ಬ್ಯಾಗು ತೋರಿಸಿದಳು. ಹೊಸ ಪ್ಲೇಟು ಹಾಕಿ ಮುಗಿಸಿದ ಮೇಲೆ, ಕ್ಯಾನಿನಷ್ಟೇ ಭಾರದ ಒಂದು ಕಬ್ಬಿಣದ ತುಂಡನ್ನು ಹಿಂದೆ ಕಟ್ಟಿ, ಗ್ಯಾರೇಜಿನ ಹಿಂದಿನ ಮಣ್ಣುರಸ್ತೆಯ ಏರಿಗೆ ತಾನೇ ಬೈಕು ಓಡಿಸಿಕೊಂಡು ಹೋದ. ಐದು ನಿಮಿಷದಲ್ಲಿ ತಿರುಗಿ ಬಂದ.

"ನನ್ನ ಕೈಯಲ್ಲೂ ಆಫ್ ಆಯ್ತು" ಅಂದ.

ಭವ್ಯ ಬೈಕಿನ ಹತ್ತಿರ ಬಂದಳು.

ಗಂಗಣ್ಣ ಬೈಕಿನ ಎಡಗಡೆ, ಗೇರು ತುಳಿಯುವ ಜಾಗದ ಹಿಂದಿನ ಮುಚ್ಚಳ ಬಿಚ್ಚಿದ. ಒಳಗೆ ಚೈನನ್ನು ಎಳೆಯುವ ಸಣ್ಣ ಹಲ್ಲಿನ ಚಕ್ರ, ಸ್ಪ್ರಾಕೆಟ್ಟು. ಮಡ್ಡಿ ಒರೆಸಿ, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಹದಿನಾರು. ಕಂಪನಿಯಿಂದ ಬರೋದು ಹದಿನೈದು ಹಲ್ಲಿಂದು. ಯಾರೋ ಮೈಲೇಜಿಗೆ ಅಂತ ದೊಡ್ಡದು ಹಾಕ್ಸಿದ್ದಾರೆ."

"ಒಂದು ಹಲ್ಲಿಗೆ ಅಷ್ಟು ವ್ಯತ್ಯಾಸ ಬರತ್ತಾ?"

"ಗೇರ್ ಸೈಕಲ್ ನೋಡಿದ್ದೀರಲ್ಲ. ಪೆಡಲ್ ಹತ್ರದ ಹಲ್ಲಿನ ಚಕ್ರ ದೊಡ್ಡದಾದ್ರೆ ಒಂದು ತುಳಿತಕ್ಕೆ ದೂರ ಹೋಗ್ತದೆ. ಸಮ ರಸ್ತೆಗೆ ಸುಖ. ಏರಲ್ಲಿ ತುಳಿಯೋಕಾಗಲ್ಲ. ಇಲ್ಲೂ ಅದೇ. ಚಿಕ್ಕದು ಹಾಕಿದ್ರೆ ಪಿಕಪ್ ಬರ್ತದೆ, ಏರಲ್ಲಿ ಬಲ ಇರ್ತದೆ. ಆದ್ರೆ ಹೈವೇಲಿ ಸ್ಪೀಡ್ ಕಮ್ಮಿ ಆಗ್ತದೆ, ಎಂಜಿನ್ ಸ್ವಲ್ಪ ಕೂಗ್ತದೆ. ಪೆಟ್ರೋಲೂ ಸ್ವಲ್ಪ ಜಾಸ್ತಿ ಕುಡಿಯಬಹುದು."

"ನಂಗೆ ಸ್ಪೀಡ್ ಬೇಡಣ್ಣ. ದನ ಇರೋ ಕಡೆ ತಲುಪಿದ್ರೆ ಸಾಕು."

"ಹಂಗಾದ್ರೆ ಹದಿನಾಲ್ಕು ಹಾಕೋಣ."

ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರುಗಳ ಬೈಕಿಗೆ ಆಗಾಗ ಹಾಕಿಕೊಡುತ್ತಿದ್ದುದರಿಂದ ಹದಿನಾಲ್ಕು ಹಲ್ಲಿನದು ಅವನ ಹತ್ತಿರವೇ ಇತ್ತು. ಹಳೆಯ ಚೈನು ಎಳೆದು ಉದ್ದವಾಗಿತ್ತು, ಹಿಂದಿನ ಚಕ್ರದ ಹಲ್ಲುಗಳು ಸವೆದು ಕೊಕ್ಕೆಯಂತಾಗಿದ್ದವು. ಹಳೆ ಚೈನಿಗೆ ಹೊಸ ಹಲ್ಲು ಕೊಟ್ಟರೆ ಆರು ತಿಂಗಳಲ್ಲಿ ಅದೂ ಸವೆಯುತ್ತದೆ ಅಂತ ಎರಡನ್ನೂ ಹೊಸದು ಹಾಕಿದ. ಹಿಂದಿನ ಚಕ್ರಕ್ಕೆ ಎಷ್ಟು ಹಲ್ಲಿತ್ತೋ ಅಷ್ಟೇ ಇಟ್ಟ. ಕೆಲಸ ಮಾಡುತ್ತಾ ಮಾಡುತ್ತಾ, ಮುಖ ಎತ್ತದೆಯೇ ಒಂದು ಮಾತು ಹೇಳಿದ.

"ಆ ಗೇರಲ್ಲಿ ಇಷ್ಟು ದಿನ ನಮ್ಮ ಏರು ಹತ್ತಿಸಿದ್ದೀರಲ್ಲ ಮೇಡಂ, ನೀವು ಚೆನ್ನಾಗೇ ಓಡಿಸ್ತೀರ."

ಆ ಸಂಜೆ ಭವ್ಯ ನಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಹೇಳಿದಳು. ಗಂಗಣ್ಣನ ಆ ಮಾತನ್ನು ಎರಡು ಸಲ ಹೇಳಿದಳು. ಒಂದೂವರೆ ವರ್ಷ ತನ್ನನ್ನು ತಾನೇ ಬೈದುಕೊಂಡ ಹುಡುಗಿ. ನನಗೆ ನಾಚಿಕೆಯಾಯಿತು. "ನಾನೂ ಸ್ಕೂಟಿ ಅಂದೆನಲ್ಲ, ತಪ್ಪಾಯ್ತು ಭವ್ಯ" ಅಂದೆ. "ಅಯ್ಯೋ, ಬಿಡಿ ಆಂಟಿ" ಅಂದು ಕಣ್ಣೊರೆಸಿಕೊಂಡು ನಕ್ಕಳು.

ಆಮೇಲೆ ಅಪ್ಪನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ನಂಜಪ್ಪನವರು ಹದಿನಾರು ಹಲ್ಲಿನ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿದರು.

"ನಾನೇ ಹಾಕ್ಸಿದ್ದು ಕಣವ್ವ" ಅಂದರು. "ನೀನು ಹಾಸನದಲ್ಲಿ ಓದ್ತಿದ್ದಾಗ ವಾರ ವಾರ ಹಾಸ್ಟೆಲಿಗೆ ಬರ್ತಿದ್ನಲ್ಲ. ಪೆಟ್ರೋಲ್ ಉಳೀತದೆ ಅಂದ್ರು, ಹಾಕ್ಸಿದೆ. ನಿಂಗೆ ಗಾಡಿ ಕೊಡೋವಾಗ ನೆನಪೇ ಆಗ್ಲಿಲ್ಲ. ನನ್ನಿಂದ ನೀನು ಬಿದ್ದೆಯಲ್ಲವ್ವ."

ಭಾನುವಾರ ಬಂತೆಂದರೆ ರೊಟ್ಟಿ, ಚಟ್ನಿಪುಡಿ, ತೊಳೆದು ಮಡಿಸಿದ ಬಟ್ಟೆ ಹಿಡಿದುಕೊಂಡು ಹಾಸ್ಟೆಲ್ ಗೇಟಿನಲ್ಲಿ ನಿಂತಿರುತ್ತಿದ್ದ ಅಪ್ಪನ ವಿಷಯ ಭವ್ಯ ನನಗೆ ಮೊದಲೇ ಹೇಳಿದ್ದಳು. ಮೂರು ವರ್ಷದಲ್ಲಿ ಅವರು ತಪ್ಪಿಸಿದ ಭಾನುವಾರಗಳು ಬೆರಳೆಣಿಕೆಯಷ್ಟು.

"ನೀವು ಹಂಗೆ ಬರ್ತಿದ್ದಕ್ಕೇ ಅಲ್ವಾ ಅಪ್ಪಾಜಿ, ನಾನು ಓದು ಮುಗಿಸಿದ್ದು" ಅಂದಳು. "ಅದನ್ನ ಯಾಕೆ ತಪ್ಪು ಅಂತೀರ."

ಮಾರನೆಯ ದಿನವೇ ದೊಡ್ಡಿಯ ದಾರಿಗೆ ಹೋದಳು. ಕೆಲಸವಿರಲಿಲ್ಲ, ಸುಮ್ಮನೆ ಪರೀಕ್ಷೆಗೆ. ಮೊದಲನೇ ತಿರುವು ಎರಡನೇ ಗೇರಿನಲ್ಲಿ ಹತ್ತಿತು. ಮೂರನೇ ತಿರುವಿಗೆ ಒಂದನೇ ಗೇರಿಗೆ ಇಳಿಸಿ, ಕ್ಲಚ್ಚನ್ನು ಪೂರ್ತಿ ಬಿಟ್ಟಳು. ಬೈಕು ಆಫ್ ಆಗಲಿಲ್ಲ. ಎತ್ತು ಗಾಡಿ ಎಳೆದ ಹಾಗೆ ನಿಧಾನವಾಗಿ, ಒಂದೇ ಸಮ ಎಳೆದುಕೊಂಡು ಮೇಲೆ ಹೋಗಿ ದೊಡ್ಡಿಯ ಅಂಗಳದಲ್ಲಿ ನಿಂತಿತು. ಗುಡಿಸುತ್ತಿದ್ದ ದೊಡ್ಡಿ ಕಸಬರಿಗೆ ಹಿಡಿದುಕೊಂಡೇ ಬೈಕನ್ನೂ ಅವಳನ್ನೂ ಬದಲಾಯಿಸಿ ಬದಲಾಯಿಸಿ ನೋಡಿದಳು.

"ಗಾಡಿ ಹೊಸದಾ ಡಾಕ್ಟ್ರವ್ವ?"

"ಇಲ್ಲ ದೊಡ್ಡವ್ವ, ಅದೇ ಹಳೇದು."

ದಿನದ ಓಡಾಟವೂ ಹಗುರಾಯಿತು. ಸಿದ್ದಾಪುರದ ಪೇಟೆಯಲ್ಲಿ ಬಸ್ಸುಗಳ ಹಿಂದೆ ನಿಂತು ನಿಂತು ಹೊರಡುವಾಗ ಹಿಂದಿನ ತಡವರಿಕೆ ಇರಲಿಲ್ಲ. ಒಮ್ಮೆ ತೋಟದ ಬೇಲಿಯ ಪಕ್ಕದಲ್ಲಿ ಆನೆ ಕಂಡಾಗ ಬೈಕು ತಿರುಗಿಸಿ ಅಲ್ಲಿಂದ ಹೊರಟದ್ದು ಎಷ್ಟು ಬೇಗ ಅಂತ ಅವಳಿಗೇ ಆಶ್ಚರ್ಯ. ಕುಶಾಲನಗರದ ನೇರ ರಸ್ತೆಯಲ್ಲಿ ಮಾತ್ರ ಎಪ್ಪತ್ತು ದಾಟಿದರೆ ಎಂಜಿನ್ ಕೂಗುತ್ತದೆ, ಊರಿಗೆ ಹೋಗುವಾಗ ಕಾಲು ಗಂಟೆ ಜಾಸ್ತಿ ಬೇಕು. ಅದಕ್ಕೆ ಅವಳು ಗೊಣಗಿದ್ದನ್ನು ನಾನು ಕೇಳಿಲ್ಲ. ವರ್ಗದ ಅರ್ಜಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಸಲ ದೊಡ್ಡಿಯ ಹಸು ಬೆದೆಗೆ ಬಂದಾಗ ಹೊತ್ತಿಗೆ ಸರಿಯಾಗಿ ಹೋದಳು. ಹಸು ಗಬ್ಬ ನಿಂತಿತು.

ಕರು ಹಾಕುವ ದಿನ ಬಂದದ್ದು ಆಗಸ್ಟಿನಲ್ಲಿ. ಬೆಳಿಗ್ಗೆ ಏಳೂವರೆಗೆ ಲೈನ್‌ಮನೆಯವರೊಬ್ಬರು ಫೋನ್ ಮಾಡಿ, ಹಸು ಬೆಳಗಿನ ಜಾವದಿಂದ ತಿಣುಕುತ್ತಿದೆ, ಕರುವಿನ ಒಂದು ಕಾಲು ಮಾತ್ರ ಕಾಣುತ್ತಿದೆ ಅಂದರು. ಭವ್ಯ ತಟ್ಟೆಯಲ್ಲಿದ್ದ ಕಡುಬು ಬಿಟ್ಟು ಎದ್ದಳು. ಪಶು ಆಸ್ಪತ್ರೆಯ ಡಾಕ್ಟರು ಮಡಿಕೇರಿಯಲ್ಲಿದ್ದರು, ಬರಲು ಒಂದು ಗಂಟೆಯಾದರೂ ಬೇಕು. ಅಷ್ಟರಲ್ಲಿ ಮಾಡಬೇಕಾದದ್ದನ್ನು ಫೋನಿನಲ್ಲೇ ಹೇಳಿದರು.

ಇಪ್ಪತ್ತು ನಿಮಿಷಕ್ಕೆ ಅವಳು ಮೇಲಿದ್ದಳು. ರಾತ್ರಿಯ ಮಳೆಗೆ ಒದ್ದೆಯಾದ ಕಲ್ಲಿನ ಮೇಲೂ ಬೈಕು ನಿಲ್ಲದೆ ಹತ್ತಿತ್ತು. ಕರುವಿನ ಇನ್ನೊಂದು ಮುಂಗಾಲು ಒಳಗೆ ಹಿಂದಕ್ಕೆ ಮಡಚಿಕೊಂಡಿತ್ತು. ದೊಡ್ಡಿ ಹಸುವಿನ ತಲೆ ಹಿಡಿದು ಅದರ ಕಿವಿಯ ಹತ್ತಿರ ಏನೋ ಹೇಳುತ್ತಾ ಕೂತಳು. ಭವ್ಯ ತೋಳಿಗೆ ಸಾಬೂನು ಹಚ್ಚಿಕೊಂಡು, ಹಸು ತಿಣುಕುವುದು ನಿಂತಾಗಲೆಲ್ಲ ಕರುವನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಾಲನ್ನು ಮುಂದಕ್ಕೆ ತಂದಳು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಎರಡೇ ಎಳೆತ. ಹೆಣ್ಣು ಕರು. ಮೂಗಿನ ಲೋಳೆ ಒರೆಸಿ, ಒಣಹುಲ್ಲಿನಲ್ಲಿ ಎದೆ ಉಜ್ಜಿದ ಮೇಲೆ ಸೀನಿತು.

ಡಾಕ್ಟರು ಬಂದು ನೋಡಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕರು ಉಳಿಯುತ್ತಿರಲಿಲ್ಲ, ಹಸು ಉಳಿಯುವುದೂ ಅನುಮಾನವಿತ್ತು ಅಂದರು. ದೊಡ್ಡಿ ಭವ್ಯಳ ತೋಳನ್ನು ಬಿಸಿನೀರಲ್ಲಿ ತಾನೇ ತೊಳೆದಳು, ಮಗುವಿಗೆ ತೊಳೆದ ಹಾಗೆ.

ಸುದ್ದಿ ಕೇಳಿ ಮುಂದಿನ ವಾರ ನಂಜಪ್ಪನವರು ಶಿರಂಗಾಲದಿಂದ ಬಸ್ಸಿನಲ್ಲಿ ಬಂದರು, ಕೈಯಲ್ಲಿ ಒಂದು ಚೀಲ ಎಳೆ ಜೋಳದ ತೆನೆ. ಅರ್ಧ ನಮಗೆ, ಅರ್ಧ ಗಂಗಣ್ಣನಿಗೆ. ಮಗಳ ಹಿಂದೆ ಕೂತು ಮೊದಲು ಅಮ್ಮತ್ತಿಗೆ ಹೋದರು. ಗಂಗಣ್ಣ ತೆನೆ ತಗೊಂಡು, ಚೈನು ಸಡಿಲವಾಗಿದೆಯೇ ಅಂತ ಬಗ್ಗಿ ನೋಡಿದನಂತೆ. "ನಿಮ್ಮ ಮಗಳು ಹೇಳಿ ಕಳಿಸಿ ಹಲ್ಲು ಬದಲಾಯಿಸ್ಕೊಂಡೋರೇ ಏಳು ಜನ ಆದ್ರು ಸರ್" ಅಂದನಂತೆ. ಅದರಲ್ಲಿ ಪೋಸ್ಟಿನವರೊಬ್ಬರು, ಕರೆಂಟಿನ ಲೈನ್‌ಮನ್ ಒಬ್ಬರು. ನಂಜಪ್ಪನವರು ಅವನ ಗ್ರೀಸ್ ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅಲ್ಲಿಂದ ಚೆಟ್ಟಳ್ಳಿಗೆ ಮರಳಿ, ಕರು ನೋಡಲು ದೊಡ್ಡಿಯ ದಾರಿ ಹಿಡಿದರು. ಮೂರನೇ ತಿರುವಿನ ಹತ್ತಿರ ನಂಜಪ್ಪನವರು ಭುಜ ತಟ್ಟಿ ನಿಲ್ಲಿಸಲು ಹೇಳಿದರು. ಇಳಿದು, ಹತ್ತಿ ಬಂದ ದಾರಿಯನ್ನು ಕೆಳಗಿನ ತನಕ ನೋಡಿದರು.

"ಇಷ್ಟನ್ನೂ ಕ್ಯಾನ್ ಹೊತ್ಕೊಂಡು ನಡೀತಿದ್ಯಾ?"

"ಹೂಂ ಅಪ್ಪಾಜಿ."

ಅವರು ಬಗ್ಗಿ, ದಾರಿಗೆ ಎದ್ದಿದ್ದ ಒಂದು ಕಲ್ಲನ್ನು ಎತ್ತಿ ಬದಿಗೆ ಹಾಕಿದರು. ಆಮೇಲೆ ಬಂದು ಹಿಂದೆ ಕೂತು, "ನಡಿ ಮಗಾ, ಆ ಅವ್ವ ಕಾಯ್ತಿರ್ತಾರೆ" ಅಂದರು.